ಬೆಳೆಯದ ಊರು ಕಟ್ಟಿದ ಮನೆಗಳು

ಯುದ್ಧ ಸೋತ ದೇಶ, ಬೆಲೆ ಕಳೆದುಕೊಂಡ ನೋಟು, ಜನಸಂಖ್ಯೆ ಇಳಿಯುತ್ತಿದ್ದ ರಾಜಧಾನಿ. ಆ ಸ್ಥಿತಿಯಲ್ಲೇ ವಿಯೆನ್ನಾ ಹತ್ತು–ಹನ್ನೆರಡು ವರ್ಷದಲ್ಲಿ 60 ಸಾವಿರಕ್ಕೂ ಹೆಚ್ಚು ಮನೆ ಕಟ್ಟಿತು. ಬಾಡಿಗೆ, ಕಾರ್ಮಿಕನ ಸಂಬಳದ ಶೇ 4! ‘ಮೊದಲು ಜಿಡಿಪಿ ಬೆಳೆಯಲಿ, ಬಡವರ ಮನೆ ಆಮೇಲೆ’ ಎನ್ನುವವರಿಗೆ ನೂರು ವರ್ಷ ಹಳೆಯ ಈ ಲೆಕ್ಕ ಇಂದಿಗೂ ಇರಿಸುಮುರಿಸು.

1934ರ ಫೆಬ್ರವರಿ 12, ಸೋಮವಾರ. ಬೆಳಗ್ಗೆ 11 ಗಂಟೆ 46 ನಿಮಿಷಕ್ಕೆ ವಿಯೆನ್ನಾದಲ್ಲಿ ಕರೆಂಟು ಹೋಯಿತು. ಟ್ರಾಮುಗಳು ನಡುರಸ್ತೆಯಲ್ಲೇ ನಿಂತವು. ಕರೆಂಟು ತಾನಾಗಿ ಹೋದದ್ದಲ್ಲ, ವಿದ್ಯುತ್ ಕಾರ್ಮಿಕರೇ ತೆಗೆದದ್ದು. ಸಾರ್ವತ್ರಿಕ ಮುಷ್ಕರ ಶುರುವಾಗಿದೆ ಎಂದು ಊರಿಗೆಲ್ಲ ಸಾರುವ ಸಂಕೇತ ಅದು.

ಸಂಸತ್ತಿಗೆ ಬೀಗ ಜಡಿದು ವರ್ಷವಾಗುತ್ತ ಬಂದಿದ್ದ ಚಾನ್ಸಲರ್ ಎಂಗೆಲ್‌ಬರ್ಟ್ ಡಾಲ್ಫುಸ್ ಸರ್ಕಾರ ಸೇನೆಯನ್ನು ಬೀದಿಗಿಳಿಸಿತು. ಊರಿನ ಉತ್ತರದಲ್ಲಿ, ಹೈಲಿಗೆನ್‌ಷ್ಟಾಟ್ ರೈಲು ನಿಲ್ದಾಣದ ಎದುರು, ಒಂದು ಕಿಲೋಮೀಟರಿಗೂ ಮಿಕ್ಕಿ ಉದ್ದದ ಒಂದು ಕಟ್ಟಡವಿದೆ. ಫಿರಂಗಿಗಳ ಮೂತಿ ಅತ್ತ ತಿರುಗಿತು. ಒಳಗೆ ಬಂದೂಕು ಹಿಡಿದ ಕಾರ್ಮಿಕರಿದ್ದರು, ಸುಳ್ಳಲ್ಲ. ಅವರ ಹೆಂಡತಿ ಮಕ್ಕಳೂ ಅಲ್ಲೇ ಇದ್ದರು. ಮೂರು ದಿನ ಕಳೆಯುವಷ್ಟರಲ್ಲಿ ಎಲ್ಲ ಮುಗಿಯಿತು.

ಆ ಕಟ್ಟಡ ಕೋಟೆಯಾಗಿರಲಿಲ್ಲ. ಅದರಲ್ಲಿದ್ದದ್ದು 1,382 ಮನೆಗಳು, ಎರಡು ಬಟ್ಟೆ ಒಗೆಯುವ ಕೇಂದ್ರಗಳು, ಎರಡು ಸ್ನಾನಗೃಹಗಳು, ಎರಡು ಶಿಶುವಿಹಾರಗಳು, ಒಂದು ಹಲ್ಲಿನ ಆಸ್ಪತ್ರೆ, ಗ್ರಂಥಾಲಯ, ಅಂಚೆ ಕಚೇರಿ, ಔಷಧದ ಅಂಗಡಿ. ಹೆಸರು ಕಾರ್ಲ್ ಮಾರ್ಕ್ಸ್ ಹೋಫ್. ಬಾಡಿಗೆ ಮನೆಗಳ ಮೇಲೆ ಒಂದು ಸರ್ಕಾರ ಗುಂಡು ಹಾರಿಸಬೇಕಾದರೆ ಆ ಮನೆಗಳು ಯಾರ ನಿದ್ದೆಯನ್ನೋ ಕೆಡಿಸಿದ್ದಿರಬೇಕು.

ಜಗತ್ತಿನ ಅತಿ ವಾಸಯೋಗ್ಯ ನಗರಗಳ ಪಟ್ಟಿ ವರ್ಷಕ್ಕೊಮ್ಮೆ ಪತ್ರಿಕೆಗಳಲ್ಲಿ ಬರುತ್ತದಲ್ಲ, 2022, 2023, 2024ರಲ್ಲಿ ಸತತವಾಗಿ ಅದರ ತುದಿಯಲ್ಲಿದ್ದದ್ದು ವಿಯೆನ್ನಾ. 2025ರಲ್ಲಿ ಕೋಪನ್‌ಹೇಗನ್ ಅದನ್ನು ಹಿಂದಿಕ್ಕಿತು. ಪಟ್ಟಿ ಬಂದಾಗಲೆಲ್ಲ ಮೊಜಾರ್ಟ್, ಕಾಫಿ, ಅರಮನೆ ಎಂದು ನಾವು ಓದುತ್ತೇವೆ. ಅಲ್ಲಿ ಬಾಡಿಗೆಗಿರುವವರನ್ನು ಕೇಳಿದರೆ ಬೇರೆಯೇ ಕಾರಣ ಹೇಳಿಯಾರು. ಇಪ್ಪತ್ತು ಲಕ್ಷ ಜನರ ಆ ಊರಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ನಗರಪಾಲಿಕೆಯ ಅಥವಾ ಲಾಭಕ್ಕೆ ಮಿತಿ ಇರುವ ಸಂಘಗಳ ಮನೆಗಳಲ್ಲಿದ್ದಾರೆ.

ಹಾಸಿಗೆಗೂ ಬಾಡಿಗೆ

ಚಕ್ರವರ್ತಿಯ ಕಾಲದ ವಿಯೆನ್ನಾ ಹೊರಗಿನಿಂದ ಅರಮನೆ, ಒಳಗಿನಿಂದ ಗೂಡು. ಕಾರ್ಮಿಕರ ವಠಾರಗಳನ್ನು ಜನ ‘ಬಾಡಿಗೆ ಬ್ಯಾರಕ್ಕು’ ಎನ್ನುತ್ತಿದ್ದರು. ಸಾಲು ಮನೆಗಳ ಮುಂದೆ ಉದ್ದನೆಯ ಕಾರಿಡಾರು, ಅದರ ನಡುವೆ ಎಲ್ಲರಿಗೂ ಸೇರಿ ಒಂದು ನಲ್ಲಿ. ನೀರು ಹಿಡಿಯುವುದು, ಜಗಳವಾಡುವುದು, ಊರ ಸುದ್ದಿ ಹಂಚುವುದು ಎಲ್ಲ ಅಲ್ಲೇ. ಅಡುಗೆಮನೆಯ ಕಿಟಕಿಯೂ ಕಾರಿಡಾರಿಗೇ ತೆರೆಯುತ್ತಿತ್ತು. 1917ರಲ್ಲಿ ನಡೆದ ಮನೆಗಣತಿಯ ಪ್ರಕಾರ ಸಣ್ಣ ಮನೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವುಗಳ ಒಳಗೆ ನೀರಿನ ನಲ್ಲಿಯೂ ಇಲ್ಲ, ಕಕ್ಕಸೂ ಇಲ್ಲ.

ಇದಕ್ಕೂ ಕೆಳಗೆ ಇನ್ನೊಂದು ವರ್ಗವಿತ್ತು. ಅವರಿಗೆ ಕೋಣೆಯೂ ಇಲ್ಲ, ಬಾಡಿಗೆಗೆ ಬರಿಯ ಹಾಸಿಗೆ. ರಾತ್ರಿ ಪಾಳಿಯವನು ಬೆಳಗ್ಗೆ ಬಂದು ಮಲಗುವಾಗ ಹಗಲು ಪಾಳಿಯವನು ಆಗಷ್ಟೇ ಎದ್ದು ಹೋಗಿರುತ್ತಿದ್ದ. ಮನೆಯವರು ಹೀಗೆ ಹಾಸಿಗೆ ಬಾಡಿಗೆಗೆ ಕೊಟ್ಟೇ ತಮ್ಮ ಮನೆ ಬಾಡಿಗೆ ತುಂಬುತ್ತಿದ್ದರು. ಇಂಥಲ್ಲಿ ಕ್ಷಯ ಹಬ್ಬದೆ ಇನ್ನೇನು? ಯುರೋಪಿನ ವೈದ್ಯರು ಆ ರೋಗಕ್ಕೆ ‘ವಿಯೆನ್ನಾ ಕಾಯಿಲೆ’ ಎಂದೇ ಅಡ್ಡಹೆಸರಿಟ್ಟಿದ್ದರು.

1918ರಲ್ಲಿ ಸಾಮ್ರಾಜ್ಯ ಮುರಿದುಬಿತ್ತು. ಐದು ಕೋಟಿ ಜನರ ಸಾಮ್ರಾಜ್ಯಕ್ಕೆ ರಾಜಧಾನಿಯಾಗಿದ್ದ ಊರು ಅರವತ್ತೈದು ಲಕ್ಷ ಜನರ ಪುಟ್ಟ ದೇಶದ ಕೈಗೆ ಬಂತು. ಗೋಧಿ ಬರುತ್ತಿದ್ದ ಹಂಗೇರಿಯೂ ಕಲ್ಲಿದ್ದಲು ಬರುತ್ತಿದ್ದ ಬೊಹೆಮಿಯಾವೂ ಬೇರೆ ದೇಶಗಳಾದವು. ಇಪ್ಪತ್ತು ಲಕ್ಷ ದಾಟಿದ್ದ ಜನಸಂಖ್ಯೆ 1923ರ ಹೊತ್ತಿಗೆ ಹತ್ತೊಂಬತ್ತು ಲಕ್ಷಕ್ಕಿಂತ ಕೆಳಗಿಳಿಯಿತು. ಹಣದುಬ್ಬರ ಎಷ್ಟಿತ್ತೆಂದರೆ, 1925ರಲ್ಲಿ ಹೊಸ ನಾಣ್ಯ ತಂದಾಗ 10,000 ಹಳೆಯ ಕ್ರೋನ್‌ಗೆ ಒಂದು ಷಿಲ್ಲಿಂಗ್ ಸಿಕ್ಕಿತು. ದೇಶದ ಆರ್ಥಿಕತೆ 1913ರ ಮಟ್ಟಕ್ಕೆ ಮರಳುವಷ್ಟರಲ್ಲಿ 1920ರ ದಶಕವೇ ಮುಗಿಯುತ್ತ ಬಂದಿತ್ತು.

‘ಅಭಿವೃದ್ಧಿ’ ಎಂದು ನಾವು ಕರೆಯುವುದರ ಯಾವ ಲಕ್ಷಣವೂ ಅಲ್ಲಿರಲಿಲ್ಲ. ಮನೆ ಕಟ್ಟುವ ಕೆಲಸ ಆಗಲೇ ಶುರುವಾಯಿತು.

ಬ್ಯಾಂಕಿನಿಂದ ಬಂದ ಬ್ರೈಟ್ನರ್

1919ರ ಮೇ ತಿಂಗಳಲ್ಲಿ ನಗರಸಭೆಗೆ ಚುನಾವಣೆ ನಡೆದು ಸೋಷಿಯಲ್ ಡೆಮಾಕ್ರಾಟರು ಸ್ಪಷ್ಟ ಬಹುಮತ ಪಡೆದರು. ಖಜಾನೆ ನೋಡಿಕೊಳ್ಳಲು ಅವರು ಆರಿಸಿದ್ದು ಹ್ಯೂಗೊ ಬ್ರೈಟ್ನರ್‌ನನ್ನು. ಘೋಷಣೆ ಕೂಗಿ ಮೇಲೆ ಬಂದ ಮನುಷ್ಯನಲ್ಲ, ದೊಡ್ಡ ಬ್ಯಾಂಕೊಂದರ ನಿರ್ದೇಶಕನಾಗಿದ್ದವನು. ಹಣ ಎಲ್ಲಿ ಅಡಗಿರುತ್ತದೆ ಎಂದು ಅಂಥವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

1922ರ ಜನವರಿ 1ರಂದು ವಿಯೆನ್ನಾ ಪ್ರತ್ಯೇಕ ರಾಜ್ಯವಾಯಿತು. ತೆರಿಗೆ ಹಾಕುವ ಅಧಿಕಾರ ಕೈಗೆ ಬಂತು. ಮರುವರ್ಷವೇ ಬ್ರೈಟ್ನರ್ ‘ಗೃಹನಿರ್ಮಾಣ ತೆರಿಗೆ’ ತಂದ. ಪ್ರತಿ ಮನೆಗೂ ತೆರಿಗೆ ಉಂಟು. ಆದರೆ ಸಣ್ಣ ಮನೆಗೆ ಚಿಲ್ಲರೆ ಕಾಸು, ಬಂಗಲೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ದರ. ಊರಿನ ಅತಿ ದುಬಾರಿ ಶೇ 0.5ರಷ್ಟು ಸ್ವತ್ತುಗಳಿಂದಲೇ ಈ ತೆರಿಗೆಯ ಸುಮಾರು ಶೇ 45 ಭಾಗ ಬಂತು.

ಇದರ ಜೊತೆಗೆ ಸುಖಪುರುಷರ ಮೇಲೆ ಬೇರೆ ತೆರಿಗೆ. ಶಾಂಪೇನಿಗೆ, ಕಾರಿಗೆ, ಕುದುರೆ ಜೂಜಿಗೆ, ಸಾಕುನಾಯಿಗೆ. ಮನೆಗೆಲಸಕ್ಕೆ ಒಬ್ಬ ಆಳಿದ್ದರೆ ತೆರಿಗೆ ಇಲ್ಲ. ಎರಡನೆಯವರನ್ನು ಇಟ್ಟುಕೊಂಡಿರೋ, ಕಟ್ಟಿ. ಇನ್ನಷ್ಟು ಜನರಿದ್ದರೆ ದರವೂ ಏರುತ್ತದೆ.

ಈ ಹಣದಿಂದ ನೇರವಾಗಿ ಮನೆ ಎದ್ದಿತು. ನನ್ನ ಮಟ್ಟಿಗೆ ಇಡೀ ಕಥೆಯ ಕೀಲಿ ಇರುವುದು ಈ ‘ನೇರವಾಗಿ’ ಎಂಬುದರಲ್ಲಿ. ಸಾಲ ಮಾಡಿ ಕಟ್ಟಿದ ಮನೆಯ ಬಾಡಿಗೆಯಲ್ಲಿ ದೊಡ್ಡ ಪಾಲು ಬಡ್ಡಿಗೆ ಹೋಗುತ್ತದೆ. ಇಲ್ಲಿ ಬಡ್ಡಿ ಇರಲಿಲ್ಲ, ಅಸಲು ವಾಪಸು ಮಾಡುವ ಗೋಜಿರಲಿಲ್ಲ. ಹಾಗಾಗಿ ಬಾಡಿಗೆಗೆ ಉಳಿದದ್ದು ರಿಪೇರಿ, ನಿರ್ವಹಣೆಯ ಖರ್ಚು ಮಾತ್ರ. ಸಂಬಳದ ಶೇ 4ಕ್ಕೆ ಮನೆ ಸಿಕ್ಕಿದ್ದು ಈ ಸರಳ ಗಣಿತದಿಂದ.

ಇನ್ನು ನೆಲ? ಅದಕ್ಕೆ ಇನ್ನೊಂದು ಕಾರಣ ಕೂಡಿಬಂತು. ಯುದ್ಧಕ್ಕೆ ಹೋದ ಸೈನಿಕರ ಸಂಸಾರ ಬೀದಿಗೆ ಬೀಳಬಾರದೆಂದು 1917ರಲ್ಲೇ ಬಾಡಿಗೆ ಏರಿಸದಂತೆ ಸರ್ಕಾರ ಕಟ್ಟುಹಾಕಿತ್ತು. ಯುದ್ಧ ಮುಗಿದರೂ ಆ ಕಟ್ಟು ಸಡಿಲಾಗಲಿಲ್ಲ. ಹಣದುಬ್ಬರದಲ್ಲಿ ಹಳೆಯ ಬಾಡಿಗೆಗೆ ಬೆಲೆಯೇ ಇಲ್ಲದಂತಾಯಿತು. ವಠಾರ ಕಟ್ಟಿ ಲಾಭ ತೆಗೆಯುವ ದಂಧೆ ನಿಂತುಹೋಗಿ ನಿವೇಶನ ಕೊಳ್ಳುವವರೇ ಇಲ್ಲವಾದರು, ಬೆಲೆ ಕುಸಿಯಿತು. ಎದುರಿಗೆ ನಿಂತಿದ್ದ ಒಬ್ಬನೇ ಗಿರಾಕಿ ನಗರಪಾಲಿಕೆ. ಒಂದೆರಡು ಮನೆ ಬಾಡಿಗೆಗೆ ಕೊಟ್ಟು ಅದರಿಂದಲೇ ಬದುಕುತ್ತಿದ್ದ ಸಣ್ಣ ಮಾಲೀಕರು ಇದರಲ್ಲಿ ನೆಲಕಚ್ಚಿದರು. ಆ ಮಾತನ್ನು ಮರೆಮಾಚಿ ವಿಯೆನ್ನಾವನ್ನು ಹೊಗಳುವುದು ಸರಿಯಲ್ಲ.

1923ರಲ್ಲಿ ಹಾಕಿಕೊಂಡ ಗುರಿ 25,000 ಮನೆ. ಅದು ಅವಧಿಗೆ ಮೊದಲೇ ಮುಗಿದು, 1934ರ ಹೊತ್ತಿಗೆ 60,000 ದಾಟಿತು.

▌ಬಾಕ್ಸ್: ಮಿಠಾಯಿ ತಿಂದವರು ಹಲ್ಲಿನ ಬಿಲ್ ಕಟ್ಟಿದರು

ತೆರಿಗೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಜನರಿಗೆ ತಿಳಿಹೇಳುವುದರಲ್ಲಿ ಬ್ರೈಟ್ನರ್‌ನದು ತುಂಟ ಬುದ್ಧಿ. ಶಾಲಾ ಮಕ್ಕಳ ಹಲ್ಲಿನ ಆಸ್ಪತ್ರೆಯ ಖರ್ಚು ಡೆಮೆಲ್ ಸೇರಿದಂತೆ ಊರಿನ ನಾಲ್ಕು ದೊಡ್ಡ ಮಿಠಾಯಿ ಅಂಗಡಿಗಳ ತೆರಿಗೆಯಿಂದ. ಶಾಲಾ ವೈದ್ಯರ ಸಂಬಳ ಜಾಖರ್ ಹೋಟೆಲಿನ ತಿಂಡಿ–ಪಾನೀಯ ತೆರಿಗೆಯಿಂದ. ಮಕ್ಕಳ ಈಜುಕೊಳಗಳು ಇಂಪೀರಿಯಲ್, ಬ್ರಿಸ್ಟಲ್, ಗ್ರ್ಯಾಂಡ್ ಹೋಟೆಲುಗಳ ಲೆಕ್ಕದಲ್ಲಿ. ನಗರದ ಹೆರಿಗೆ ಆಸ್ಪತ್ರೆ ಕಟ್ಟಿದ್ದು ಗಂಟೆ ಲೆಕ್ಕದಲ್ಲಿ ಕೋಣೆ ಕೊಡುವ ಲಾಡ್ಜುಗಳ ತೆರಿಗೆಯಲ್ಲಿ. ಅದನ್ನು ನಡೆಸುವ ಖರ್ಚು ಕುದುರೆ ಜೂಜಿನದು. ಪಟ್ಟಿ ಮಾಡಿ ಹೇಳಿದವನು ಅವನೇ.

ಕೆಂಪು ಅಕ್ಷರದ ಗೋಡೆ

ಆ ಕಾಲದ ಯಾವುದೇ ಪಾಲಿಕೆ ಕಟ್ಟಡದ ಮುಂದೆ ನಿಂತು ತಲೆಯೆತ್ತಿದರೆ ಗೋಡೆಯ ಮೇಲೆ ಕೆಂಪಕ್ಷರ ಕಾಣುತ್ತದೆ. ಗೃಹನಿರ್ಮಾಣ ತೆರಿಗೆಯ ಹಣದಿಂದ ವಿಯೆನ್ನಾ ನಗರಪಾಲಿಕೆ ಇಂಥ ವರ್ಷಗಳಲ್ಲಿ ಕಟ್ಟಿಸಿದ್ದು ಎಂಬ ಒಕ್ಕಣೆ. ಮಂತ್ರಿಯ ಹೆಸರಿಲ್ಲ, ಶಾಸಕರ ಭಾವಚಿತ್ರವಿಲ್ಲ. ಬಸ್ ತಂಗುದಾಣಕ್ಕೂ ‘ಇವರ ಅನುದಾನದಲ್ಲಿ’ ಎಂದು ಫೋಟೊ ಸಮೇತ ಬರೆಸಿಕೊಳ್ಳುವ ನಾಡಿನಿಂದ ಹೋದವರಿಗೆ ಅಲ್ಲೊಂದು ನಿಮಿಷ ನಿಲ್ಲಬೇಕೆನಿಸೀತು.

ಒಳಗಿನ ಮನೆಗಳು ಚಿಕ್ಕವು. ಮೊದಮೊದಲು 38 ಮತ್ತು 48 ಚದರ ಮೀಟರ್, ಎಂದರೆ ಸುಮಾರು 400 ಮತ್ತು 500 ಚದರಡಿ. 1927ರ ನಂತರ ತುಸು ದೊಡ್ಡದಾಗಿ 57 ಚದರ ಮೀಟರ್‌ವರೆಗೆ ಹೋಯಿತು. ಆದರೆ ನೀರು ಮನೆಯೊಳಗೆ, ಕಕ್ಕಸು ಮನೆಯೊಳಗೆ, ಅಡುಗೆಗೆ ಗ್ಯಾಸು. ಪ್ರತಿ ಕೋಣೆಗೂ ನೇರ ಬೆಳಕು.

ವಾಸ್ತುಶಿಲ್ಪಿ ಕಾರ್ಲ್ ಏನ್ ಕಾರ್ಲ್ ಮಾರ್ಕ್ಸ್ ಹೋಫ್‌ನ ನಿವೇಶನದಲ್ಲಿ ಕಟ್ಟಡಕ್ಕೆ ಬಳಸಿದ್ದು ಶೇ 18.5 ಜಾಗ ಮಾತ್ರ. ಮಿಕ್ಕದ್ದೆಲ್ಲ ಅಂಗಳ, ಮರ, ಮಕ್ಕಳ ಆಟದ ಬಯಲು. ಬೀದಿಯಿಂದ ಕಮಾನಿನ ಕೆಳಗೆ ನುಗ್ಗಿದರೆ ಮೊದಲು ಅಂಗಳ. ಮೆಟ್ಟಿಲ ಬಾಗಿಲುಗಳಿರುವುದು ಅಂಗಳದ ಕಡೆಗೆ. ಯಾರು ಮನೆಗೆ ಹೋಗಬೇಕಾದರೂ ಅಂಗಳ ಹಾದೇ ಹೋಗಬೇಕು.

ಬಟ್ಟೆ ಒಗೆಯುವ ಕೇಂದ್ರದ ಬಗ್ಗೆ ತುಸು ಹೇಳಲೇಬೇಕು. ಅಲ್ಲಿಯವರೆಗೆ ಬಟ್ಟೆ ಒಗೆಯುವುದೆಂದರೆ ಹೆಂಗಸರಿಗೆ ಎರಡು ದಿನದ ದಂಡನೆ: ನೀರು ಹೊತ್ತು, ಕಲ್ಲಿದ್ದಲು ಉರಿಸಿ ಕುದಿಸಿ, ಉಜ್ಜಿ, ಅಡುಗೆಮನೆಯಲ್ಲೇ ಹಗ್ಗ ಕಟ್ಟಿ ಒಣಹಾಕಬೇಕು. ಕಾರ್ಲ್ ಮಾರ್ಕ್ಸ್ ಹೋಫ್‌ನ ಎರಡು ಕೇಂದ್ರಗಳಲ್ಲಿ 62 ಒಗೆಯುವ ಕಟ್ಟೆಗಳಿದ್ದವು. ಯಂತ್ರಗಳಿದ್ದವು, ಬಿಸಿಗಾಳಿಯಲ್ಲಿ ಬಟ್ಟೆ ಒಣಗಿಸಲು ಹೊರಗೆಳೆಯುವ ಚೌಕಟ್ಟುಗಳಿದ್ದವು. ಪ್ರತಿ ಮನೆಗೂ ಒಗೆತದ ದಿನ ಗೊತ್ತುಮಾಡಿಕೊಟ್ಟಿದ್ದರು. ಬೆಳಗ್ಗೆ ಮೂಟೆ ತಂದವಳು ಸಂಜೆಗೆ ಒಣಗಿದ ಬಟ್ಟೆ ಮಡಚಿ ಒಯ್ಯುತ್ತಿದ್ದಳು.

ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲ, ಮೇಲ್ವಿಚಾರಕನೊಬ್ಬನನ್ನು ಬಿಟ್ಟು. ಹೆಂಗಸರ ಮರ್ಯಾದೆಗೆ ಎಂದು ಕಾರಣ ಕೊಟ್ಟರು. ಎಷ್ಟೇ ಕ್ರಾಂತಿಕಾರಿ ಪಾಲಿಕೆಯಾದರೂ ಬಟ್ಟೆ ಒಗೆಯುವುದು ಹೆಂಗಸರ ಪಾಲಿಗೇ ಉಳಿಯಿತು ನೋಡಿ!

ಒಂದೇ ಊರಿನಲ್ಲಿ ಮೂರು ವಾದ

ವಿಚಿತ್ರವೆಂದರೆ, ಮುಕ್ತ ಮಾರುಕಟ್ಟೆಯ ಮಹಾ ವಕೀಲರು ವಾದ ಹೂಡಿದ್ದೂ ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ.

ಮೂರು ವಾದಗಳಲ್ಲಿ ಮೊದಲನೆಯದು ಮಾರುಕಟ್ಟೆಯನ್ನು ಒಪ್ಪದ ದಾರ್ಶನಿಕ ಓಟೊ ನಾಯ್ರಾತ್‌ನದು. ಹಸಿವಿನಿಂದ ಊರ ಹೊರಗಿನ ಜಾಗ ಹಿಡಿದು ತರಕಾರಿ ಬೆಳೆದು ಗುಡಿಸಲು ಕಟ್ಟಿಕೊಂಡಿದ್ದ ಜನರ ಸಂಘಕ್ಕೆ ಕಾರ್ಯದರ್ಶಿಯಾಗಿದ್ದ. ಎಲ್ಲವನ್ನೂ ಹಣದ ಒಂದೇ ಅಳತೆಗೋಲಿನಲ್ಲಿ ಅಳೆಯಬಾರದು ಎಂಬುದು ಅವನ ವಾದ. ಕಲ್ಲಿದ್ದಲನ್ನು ಈಗ ಸುಡುವುದೋ, ಮುಂದಿನ ಪೀಳಿಗೆಗೆ ಉಳಿಸುವುದೋ? ಇದಕ್ಕೆ ಪೇಟೆಯ ಬೆಲೆ ಉತ್ತರ ಹೇಳಲಾರದು. ಎಷ್ಟು ಮನೆ, ಎಷ್ಟು ಕ್ಯಾಲೊರಿ, ಎಷ್ಟು ಗಂಟೆ ದುಡಿಮೆ, ಎಷ್ಟು ಕಾಯಿಲೆ ಎಂದು ಬೇರೆಬೇರೆಯಾಗಿಯೇ ಲೆಕ್ಕ ಇಡಬೇಕು ಎಂದ. ಇಂದಿನ ಪರಿಸರ ಅರ್ಥಶಾಸ್ತ್ರಜ್ಞರು ಅವನನ್ನು ತಮ್ಮ ಹಿರೀಕರಲ್ಲಿ ಸೇರಿಸಿಕೊಳ್ಳುತ್ತಾರೆ.

ಅವನಿಗೆ ಎದುರಾಗಿ ನಿಂತದ್ದು ಲುಡ್ವಿಗ್ ಫಾನ್ ಮೀಸಸ್. ಪೇಟೆ ಬೆಲೆ ಇಲ್ಲದಿದ್ದರೆ ಯಾವ ಲೆಕ್ಕವೂ ಸಾಧ್ಯವಿಲ್ಲ ಎಂದು 1920ರಲ್ಲಿ ಬರೆದ ಲೇಖನ ಇವತ್ತಿಗೂ ಅರ್ಥಶಾಸ್ತ್ರದ ತರಗತಿಗಳಲ್ಲಿದೆ. ಅವನ ಬಳಗದ ಫ್ರೀಡ್ರಿಶ್ ಹಾಯೆಕ್ ಬಾಡಿಗೆ ನಿಯಂತ್ರಣವನ್ನೇ ನೇರವಾಗಿ ಕೈಗೆತ್ತಿಕೊಂಡ: ಅಗ್ಗದ ಮನೆ ಸಿಕ್ಕವನು ಅಲ್ಲಿಂದ ಕದಲುವುದಿಲ್ಲ, ಕೆಲಸ ಇರುವ ಕಡೆ ಹೋಗುವುದಿಲ್ಲ, ಹೊಸದಾಗಿ ಯಾರೂ ಕಟ್ಟುವುದಿಲ್ಲ. ತಳ್ಳಿಹಾಕುವ ಮಾತಲ್ಲ ಅದು. ಖಾಸಗಿಯವರು ಕಟ್ಟುವುದನ್ನು ನಿಲ್ಲಿಸಿದ್ದು ನಿಜ. ಆದರೆ ಹಾಯೆಕ್ ಅದನ್ನು ಬರೆಯುವಾಗ ಅವನ ಊರಿನ ತುಂಬ ಪಾಲಿಕೆ ಕಟ್ಟಿದ ಮನೆಗಳು ಏಳುತ್ತಲೇ ಇದ್ದವು.

ಮೂರನೆಯವನು ಕಾರ್ಲ್ ಪೊಲಾನ್ಯಿ. ಹಂಗೇರಿಯಿಂದ ಓಡಿಬಂದು ವಿಯೆನ್ನಾದಲ್ಲಿ ಅರ್ಥಶಾಸ್ತ್ರದ ಪತ್ರಿಕೆಯೊಂದರಲ್ಲಿ ಕೆಲಸಕ್ಕಿದ್ದ. ನೆಲ, ದುಡಿಮೆ, ಹಣ, ಈ ಮೂರೂ ಮಾರಾಟಕ್ಕೆಂದು ತಯಾರಾದ ಸರಕುಗಳಲ್ಲ. ಅವುಗಳನ್ನು ಸರಕೆಂದು ನಟಿಸಿ ಸಮಾಜ ನಡೆಸಲು ಹೊರಟರೆ ಸಮಾಜವೇ ಮುರಿಯುತ್ತದೆ ಎಂದು 1944ರ ತನ್ನ ಪುಸ್ತಕದಲ್ಲಿ ವಾದಿಸಿದ. ನೆಲವನ್ನು ಪೇಟೆಯಿಂದ ತುಸು ಆಚೆಗಿಟ್ಟರೆ ಜನ ಹೇಗೆ ಬದುಕಬಹುದು ಎಂಬುದನ್ನು ಅವನು ವಿಯೆನ್ನಾದಲ್ಲಿ ಕಣ್ಣಾರೆ ಕಂಡಿದ್ದ.

ಬಾಡಿಗೆ ಇಳಿದರೆ ದುಡಿಮೆಯೂ ಇಳಿದೀತು

ಈಗ ಯುರೋಪಿನಲ್ಲಿ ‘ಡಿಗ್ರೋತ್’ ಎಂಬ ಚಿಂತನೆ ಜೋರಾಗಿದೆ. 1972ರಲ್ಲಿ ಕ್ಲಬ್ ಆಫ್ ರೋಮ್‌ನ ‘ಬೆಳವಣಿಗೆಯ ಮಿತಿಗಳು’ ವರದಿ ಬಂದಾಗಿನಿಂದ ಕುದಿಯುತ್ತಿರುವ ಪ್ರಶ್ನೆ ಇದು: ಆಗಲೇ ಸಿರಿವಂತವಾಗಿರುವ ದೇಶಗಳು ವರ್ಷವರ್ಷವೂ ಇನ್ನಷ್ಟು ಬೆಳೆಯಲೇಬೇಕೇ? ಭೂಮಿ ತಾಳೀತೇ? 2020ರಲ್ಲಿ ಈ ವಾದಿಗಳ ಸಮ್ಮೇಳನ ವಿಯೆನ್ನಾದಲ್ಲಿ ನಡೆಯಬೇಕಿತ್ತು. ಕೊರೊನಾ ಬಂದು ಅದು ಆನ್‌ಲೈನ್ ಆಯಿತು.

ಬೆಳವಣಿಗೆ ಬೇಡ ಎಂದರೆ ಜನ ಹೆದರುತ್ತಾರೆ. ಹೆದರಿಕೆಗೆ ಕಾರಣವಿದೆ. ಬಾಡಿಗೆ ಏರುತ್ತಿದ್ದರೆ ಸಂಬಳ ಏರಲೇಬೇಕು. ಸಂಬಳ ಏರಬೇಕಾದರೆ ಕಂಪನಿ ಬೆಳೆಯಬೇಕು. ತಲೆಯ ಮೇಲೆ ಇಪ್ಪತ್ತು ವರ್ಷದ ಗೃಹಸಾಲವಿದ್ದವನಿಗೆ ‘ವಾರಕ್ಕೆ ನಾಲ್ಕು ದಿನ ದುಡಿ, ಸಾಕು’ ಎಂದು ಉಪದೇಶ ಮಾಡುವುದು ಕ್ರೌರ್ಯ. ಮನೆ ದುಬಾರಿಯಾಗಿರುವ ಊರಿನಲ್ಲಿ ಬೆಳವಣಿಗೆ ನಿಂತ ಮರುದಿನವೇ ಬಡವನ ಸಾಮಾನು ಬೀದಿಗೆ ಬರುತ್ತದೆ.

ಅದಕ್ಕೇ ಡಿಗ್ರೋತ್‌ವಾದಿಗಳಲ್ಲಿ ಬುದ್ಧಿವಂತರಾದವರು ಮೊದಲು ಕೈ ಹಾಕುವುದು ಮನೆಗೆ. ಸಂಬಳದ ಅರ್ಧ ಬಾಡಿಗೆಗೆ ಹೋಗುವ ಸಂಸಾರಕ್ಕೂ ಶೇ 4 ಹೋಗುವ ಸಂಸಾರಕ್ಕೂ ಆದಾಯ ಒಂದೇ ಇದ್ದರೂ ಬದುಕು ಬೇರೆ. ಜಿಡಿಪಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಅಡಿಪಾಯ ಹಾಕಿದ ಸೈಮನ್ ಕುಜ್ನೆಟ್ಸ್, ಆ ಲೆಕ್ಕ ನೋಡಿ ಜನರ ಕ್ಷೇಮ ಅಳೆಯಬೇಡಿ ಎಂದು ಅಮೆರಿಕದ ಸಂಸತ್ತಿಗೆ ಕೊಟ್ಟ ವರದಿಯಲ್ಲೇ ಎಚ್ಚರಿಸಿದ್ದ. ಅದೂ 1934ರಲ್ಲೇ.

2020ರಲ್ಲಿ ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಒಂದು ಲೆಕ್ಕ ಹಾಕಿದರು. 2050ರಲ್ಲಿ ಭೂಮಿಯ ಮೇಲಿರುವ ಎಲ್ಲರಿಗೂ ಮರ್ಯಾದೆಯ ಬದುಕು ಕೊಡಲು ಈಗ ಬಳಸುವುದಕ್ಕಿಂತ ಸುಮಾರು ಶೇ 60 ಕಡಿಮೆ ಶಕ್ತಿ ಸಾಕು ಎಂಬುದು ಅವರ ತೀರ್ಮಾನ. ಅದರಲ್ಲಿ ಮನೆಗೆ ಇಟ್ಟ ಅಳತೆ ತಲೆಗೆ 15 ಚದರ ಮೀಟರ್. ನಾಲ್ವರಿಗೆ 60 ಚದರ ಮೀಟರ್. 1927ರ ವಿಯೆನ್ನಾ ಪಾಲಿಕೆಯ ದೊಡ್ಡ ಮನೆಗೆ ಇದು ಎಷ್ಟು ಹತ್ತಿರ!

ಚಿಕ್ಕ ಮನೆ, ದೊಡ್ಡ ಅಂಗಳ ಎಂಬ ಈ ಸೂತ್ರವನ್ನು ಬೇರೆಯವರೂ ಹಿಡಿದಿದ್ದಾರೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 2014ರಲ್ಲಿ ಟ್ರಾಮ್ ಡಿಪೊದ ತಲೆಯ ಮೇಲೆ ಎದ್ದ ಕಾಲ್ಕ್‌ಬ್ರೈಟೆ ಸಹಕಾರಿ ಸಂಘದ ಕಟ್ಟಡದಲ್ಲಿ ಸುಮಾರು 250 ಜನರಿದ್ದಾರೆ. ತಲೆಗೆ ಸಿಗುವ ಜಾಗ ಆ ದೇಶದ ಸರಾಸರಿಗಿಂತ ಬಹಳ ಕಡಿಮೆ. ಕಾರು ಇಟ್ಟುಕೊಳ್ಳುವುದಿಲ್ಲ ಎಂದು ಒಪ್ಪಿಕೊಂಡೇ ಸೇರಬೇಕು. ನೆಂಟರು ಬಂದರೆ ಸಂಘದ ಕೋಣೆಗಳಿವೆ, ಯಾರ ಮನೆಯಲ್ಲೂ ವರ್ಷವಿಡೀ ಖಾಲಿ ಬಿದ್ದಿರುವ ಗೆಸ್ಟ್ ರೂಮಿಲ್ಲ. ತಮ್ಮ ಊರಿನ ಬಾಡಿಗೆ ಮನೆಗಳಲ್ಲಿ ಮೂರನೇ ಒಂದು ಪಾಲು 2050ರ ಹೊತ್ತಿಗೆ ಲಾಭಕ್ಕಲ್ಲದ್ದಾಗಬೇಕು ಎಂದು ಜ್ಯೂರಿಕ್ ಮತದಾರರು 2011ರಲ್ಲೇ ತೀರ್ಮಾನಿಸಿದ್ದಾರೆ.

ಭಾರತದಂಥ ಬಡ ದೇಶಕ್ಕೆ ಡಿಗ್ರೋತ್ ಪಾಠ ಹೇಳುವುದು ತಮಾಷೆಯಾದೀತು. ಇಲ್ಲಿ ಬೆಳೆಯಬೇಕಾದದ್ದು ಬೇಕಾದಷ್ಟಿದೆ. ಆದರೆ ಬೆಳೆದರೆ ಸಾಕೇ ಎಂಬುದಕ್ಕೆ ನಮ್ಮದೇ ಎರಡು ಅಂಕಿ ನೋಡಿ. 2012ರಲ್ಲಿ ಕೇಂದ್ರ ಸರ್ಕಾರದ ತಾಂತ್ರಿಕ ತಂಡ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆ ಇದೆ ಎಂದಿತು, ಬಹುಪಾಲು ಬಡವರಿಗೆ. 2011ರ ಜನಗಣತಿ ನಗರಗಳಲ್ಲಿ ಎಣಿಸಿದ ಖಾಲಿ ಮನೆಗಳು ಸುಮಾರು 1.1 ಕೋಟಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸಿಗೆ ಹಣ ಹೊಂದಿಸಲು ಪರದಾಡಿದವರಿಗೆ ಹೆಚ್ಚು ವಿವರಣೆ ಬೇಡ.

▌ಬಾಕ್ಸ್: ಇವತ್ತು ಹೇಗೆ ನಡೆಯುತ್ತದೆ?

ವಿಯೆನ್ನಾ ಪಾಲಿಕೆಯ ಸ್ವಂತ ಮನೆಗಳು ಸುಮಾರು 2,20,000. ಲಾಭಕ್ಕೆ ಮಿತಿ ಇರುವ ಸಂಘಗಳ ಮನೆಗಳು ಸುಮಾರು 2 ಲಕ್ಷ.

ಹಣ: ಆಸ್ಟ್ರಿಯಾದ ಉದ್ಯೋಗಿಯ ಸಂಬಳದಿಂದ ಶೇ 0.5, ಮಾಲೀಕರಿಂದ ಶೇ 0.5 ವಸತಿಗೆಂದು ಕಟಾವಾಗುತ್ತದೆ.

ಸಂಘಗಳು ಖರ್ಚಿಗೆ ತಕ್ಕ ಬಾಡಿಗೆ ಮಾತ್ರ ಪಡೆಯಬೇಕು. ಕಟ್ಟಡದ ಸಾಲ ತೀರಿದ ಮೇಲೆ ಬಾಡಿಗೆ ಇಳಿಯುತ್ತದೆ. ಹೌದು, ಇಳಿಯುತ್ತದೆ.

ಆದಾಯ ಮಿತಿ ಎಷ್ಟು ಮೇಲಿದೆಯೆಂದರೆ ಊರಿನ ಮುಕ್ಕಾಲು ಪಾಲು ಜನ ಅರ್ಹರು. ಮನೆ ಸಿಕ್ಕ ಮೇಲೆ ಆದಾಯ ಹೆಚ್ಚಿತೆಂದು ಯಾರನ್ನೂ ಹೊರಹಾಕುವುದಿಲ್ಲ.

ನೆಲ: 1984ರಲ್ಲಿ ಹುಟ್ಟಿದ ನಗರದ ನಿಧಿಯೊಂದು ಮುಂಚೆಯೇ ಜಮೀನು ಕೊಂಡಿಡುತ್ತದೆ. 2018ರ ತಿದ್ದುಪಡಿಯ ಪ್ರಕಾರ ಹೊಸದಾಗಿ ವಸತಿಗೆ ಪರಿವರ್ತನೆಯಾಗುವ ದೊಡ್ಡ ಜಾಗಗಳಲ್ಲಿ ಮೂರನೇ ಎರಡು ಪಾಲು ಸಹಾಯಧನದ ಮನೆಗಳಿಗೆ. ಅಲ್ಲಿ ನೆಲದ ಬೆಲೆ ಕಟ್ಟಡದ ಚದರ ಮೀಟರಿಗೆ 188 ಯೂರೊ ಮೀರುವಂತಿಲ್ಲ.

ಮಾಳಿಗೆಯ ಮೇಲೆ ಈಜುಕೊಳ

‘ಬಡವರ ಮನೆ’ ಎಂದ ಕೂಡಲೇ ಬೆಂಕಿಪೆಟ್ಟಿಗೆ ಕಟ್ಟಡ ನೆನೆಯುವವರು ಊರಿನ ದಕ್ಷಿಣದ ಆಲ್ಟ್‌ಎರ್ಲಾ ನೋಡಬೇಕು. ವಾಸ್ತುಶಿಲ್ಪಿ ಹ್ಯಾರಿ ಗ್ಲ್ಯುಕ್ 1970–80ರ ದಶಕದಲ್ಲಿ ಕಟ್ಟಿದ ಸುಮಾರು 3,200 ಮನೆಗಳ ಗೋಪುರಗಳು. ಬುಡ ಅಗಲ, ಮೇಲೆ ಹೋದಂತೆ ಕಿರಿದು. ಕೆಳಗಿನ ಮಹಡಿಗಳ ಬಾಲ್ಕನಿಗಳಲ್ಲೆಲ್ಲ ಗಿಡಗಳು. ತುತ್ತತುದಿಯ ತಾರಸಿಯಲ್ಲಿ ಈಜುಕೊಳಗಳು, ಊರೆಲ್ಲ ಕಾಣುವಂತೆ. ಶ್ರೀಮಂತರು ತಮ್ಮ ಹಿತ್ತಲಲ್ಲಿ ಇಟ್ಟುಕೊಳ್ಳುವುದನ್ನು ಸಾವಿರ ಸಂಸಾರಗಳಿಗೆ ಸೇರಿಸಿ ಒಂದು ಮಾಡಿದರೆ ಖರ್ಚೂ ಕಡಿಮೆ, ನೀರೂ ಕಡಿಮೆ ಎಂಬ ಲೆಕ್ಕ.

ಬಿರುಕುಗಳಿಲ್ಲವೆಂದಲ್ಲ. ಪಾಲಿಕೆ ಮನೆಗೆ ಅರ್ಜಿ ಹಾಕಲು ಎರಡು ವರ್ಷ ಅದೇ ಊರಿನಲ್ಲಿ ವಾಸವಿದ್ದಿರಬೇಕು. ಆಗಷ್ಟೇ ಬಂದಿಳಿದ ವಲಸಿಗ, ಅವನಿಗೇ ಮನೆಯ ತುರ್ತು ಹೆಚ್ಚು, ಖಾಸಗಿ ಮಾಲೀಕನ ಕೈಗೆ ಬೀಳುತ್ತಾನೆ. ಅಲ್ಲಿ ಬಾಡಿಗೆ ಏರುತ್ತಿದೆ, ಕರಾರು ಕೆಲವೇ ವರ್ಷದ್ದು. 2004ರ ನಂತರ ಪಾಲಿಕೆ ಸ್ವಂತ ಮನೆ ಕಟ್ಟುವುದನ್ನೇ ನಿಲ್ಲಿಸಿ ಎಲ್ಲವನ್ನೂ ಸಂಘಗಳಿಗೆ ಬಿಟ್ಟಿತ್ತು. 2019ರಲ್ಲಿ ಫಾವೊರಿಟೆನ್ ಬಡಾವಣೆಯಲ್ಲಿ ಮತ್ತೆ ಮೊದಲ ಕಟ್ಟಡ ಬಂತು. ಊರಿನ ಲಕ್ಷಾಂತರ ಮನೆಗಳು ಚಳಿಗಾಲಕ್ಕೆ ಗ್ಯಾಸ್ ಉರಿಸುತ್ತವೆ. 2040ರೊಳಗೆ ಅದನ್ನು ಬಿಡುವುದು ಗುರಿ. ಹಳೆಯ ಗೋಡೆಗಳನ್ನು ಬೆಚ್ಚಗಾಗಿಸುವ ಖರ್ಚು ಯಾರ ತಲೆಗೆ ಎಂಬ ಜಗಳ ಮುಗಿದಿಲ್ಲ.

ಇತಿಹಾಸದಲ್ಲೂ ಕಪ್ಪು ಪುಟವಿದೆ. 1938ರಲ್ಲಿ ನಾಜಿಗಳು ಬಂದ ಮೇಲೆ ಪಾಲಿಕೆಯ ಇದೇ ಮನೆಗಳಿಂದ ಯಹೂದಿ ಸಂಸಾರಗಳನ್ನು ನೋಟಿಸು ಕೊಟ್ಟು ಹೊರಹಾಕಲಾಯಿತು. ಮನೆ ಸಾರ್ವಜನಿಕ ಸ್ವತ್ತಾದ ಮಾತ್ರಕ್ಕೆ ನ್ಯಾಯ ತಾನಾಗಿ ಬರುವುದಿಲ್ಲ.

ಮಾರಿದವರ ಲೆಕ್ಕ

ಕಟ್ಟುವುದಕ್ಕಿಂತ ಕಷ್ಟದ ಕೆಲಸ, ಕಟ್ಟಿದ್ದನ್ನು ಮಾರದೆ ಉಳಿಸಿಕೊಳ್ಳುವುದು. 1980ರಲ್ಲಿ ಬ್ರಿಟನ್ನಿನ ಮಾರ್ಗರೆಟ್ ಥ್ಯಾಚರ್ ಸರ್ಕಾರ ಪಾಲಿಕೆ ಮನೆಗಳ ಬಾಡಿಗೆದಾರರಿಗೆ ರಿಯಾಯಿತಿ ದರದಲ್ಲಿ ಮನೆ ಕೊಳ್ಳುವ ಹಕ್ಕು ಕೊಟ್ಟಿತು. ಇಂಗ್ಲೆಂಡಿನ ಪಾಲಿಕೆಗಳ ಕೈಯಿಂದಲೇ ಹಾಗೆ ಜಾರಿದ ಮನೆಗಳು ಹತ್ತಿರ ಹತ್ತಿರ ಇಪ್ಪತ್ತು ಲಕ್ಷ. ಅವುಗಳಲ್ಲಿ ಬಹಳಷ್ಟು ಈಗ ಖಾಸಗಿ ಮಾಲೀಕರ ಬಾಡಿಗೆ ಮನೆಗಳು.

ಆಸ್ಟ್ರಿಯಾದ ಕೇಂದ್ರ ಸರ್ಕಾರವೂ ಆ ಹಾದಿ ಹಿಡಿಯದೆ ಬಿಡಲಿಲ್ಲ. 2004ರಲ್ಲಿ ಬುವೊಗ್ ಸೇರಿ ತನ್ನ ವಸತಿ ಕಂಪನಿಗಳನ್ನು, ಸುಮಾರು 60,000 ಮನೆಗಳ ಸಮೇತ, ಮಾರಿತು. ಆ ವ್ಯವಹಾರದ ಲಂಚ ಪ್ರಕರಣದಲ್ಲಿ ಅಂದಿನ ಹಣಕಾಸು ಮಂತ್ರಿ ಕಾರ್ಲ್ ಹೈನ್ಜ್ ಗ್ರಾಸರ್ ತಪ್ಪಿತಸ್ಥ ಎಂದು 2020ರಲ್ಲಿ ತೀರ್ಪಾಯಿತು. 2025ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ನಾಲ್ಕು ವರ್ಷಕ್ಕೆ ಇಳಿಸಿದರೂ ತೀರ್ಪಿನ ತಿರುಳನ್ನು ಎತ್ತಿಹಿಡಿಯಿತು.

ವಿಯೆನ್ನಾ ನಗರ ಮಾತ್ರ ತನ್ನ ಮನೆಗಳನ್ನು ಸಗಟು ಮಾರಾಟಕ್ಕಿಡಲಿಲ್ಲ. ಇಟ್ಟಿದ್ದರೆ ಏನಾಗುತ್ತಿತ್ತು ಎಂದು ತಿಳಿಯಲು ಬರ್ಲಿನ್ ನೋಡಿದರೆ ಸಾಕು. 2004ರಲ್ಲಿ ಬರ್ಲಿನ್ ತನ್ನ ವಸತಿ ಕಂಪನಿ ಜಿಎಸ್‌ಡಬ್ಲ್ಯುವನ್ನು ಸುಮಾರು 65,000 ಮನೆಗಳ ಸಮೇತ 40.5 ಕೋಟಿ ಯೂರೊಗೆ ಮಾರಿತು. ಕಂಪನಿಯ ಸಾಲವನ್ನು ಕೊಂಡವರು ಹೊತ್ತರು. ಆ ಸಾಲವನ್ನು ಸೇರಿಸಿದರೂ ಒಂದು ಮನೆಗೆ ಬಿದ್ದದ್ದು ಸುಮಾರು 30 ಸಾವಿರ ಯೂರೊ. ಮುಂದೆ ಬಾಡಿಗೆ ಏರಿ, ಜನ ಬೀದಿಗಿಳಿದು, 2021ರ ಸೆಪ್ಟೆಂಬರಿನಲ್ಲಿ ಜನಮತಗಣನೆ ನಡೆದಾಗ ಶೇ 59ರಷ್ಟು ಮಂದಿ ದೊಡ್ಡ ವಸತಿ ಕಂಪನಿಗಳ ಮನೆಗಳನ್ನು ಸರ್ಕಾರ ವಶಪಡಿಸಿಕೊಳ್ಳಲಿ ಎಂದರು. ಅದೇ ತಿಂಗಳು ಬರ್ಲಿನ್ ಖಾಸಗಿ ಕಂಪನಿಗಳಿಂದ 14,750 ಮನೆಗಳನ್ನು ಕೊಂಡಿತು. ಕೊಟ್ಟ ಬೆಲೆ 246 ಕೋಟಿ ಯೂರೊ; ಒಂದು ಮನೆಗೆ 1 ಲಕ್ಷ 66 ಸಾವಿರಕ್ಕೂ ಹೆಚ್ಚು.